ಕಹಿ ತಿಂದವರ ಪಾಲು

ಬೋನಿನ ತಳದ ಮರದ ಹೊಟ್ಟನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದಾಗ ಏನೋ ಒಂದು ಉರುಳಿಕೊಂಡು ಪೇಶಾನಳ ಚಪ್ಪಲಿಯ ಹತ್ತಿರ ಬಂದು ನಿಂತಿತು. ಇಲಿಯ ಹಿಕ್ಕೆ ಗಟ್ಟಿಯಾಗಿರಬೇಕು ಅಂದುಕೊಂಡಳು. ಎತ್ತಿ ನೋಡಿದರೆ ಬಿಸ್ಕತ್ತು. ಹಲ್ಲು ಬರುತ್ತಿರುವ ಕೂಸಿಗೆ ಕೊಡುವಂಥ, ಹಾಲಿನ ಬಣ್ಣದ ಗುಂಡು ಬಿಸ್ಕತ್ತು. ಅರ್ಧ ತಿಂದು ಇನ್ನರ್ಧವನ್ನು ಯಾವುದೋ ಜಿಪುಣ ಇಲಿ ಹೊಟ್ಟಿನಡಿ ಬಚ್ಚಿಟ್ಟಿತ್ತು. ಅಂಚಿನುದ್ದಕ್ಕೂ ಹಲ್ಲಿನ ಸಣ್ಣ ಗೀರುಗಳಿದ್ದವು.

"ಅಯ್ಯೋ, ಇದೆಲ್ಲಿಂದ ಬಂತು!" ಅಂದಳು. ಕೇಳಲು ಯಾರೂ ಇರಲಿಲ್ಲ. ನಿನ್ನೆಯೇ ಪ್ರಯೋಗದ ಇಲಿಗಳನ್ನೆಲ್ಲ ಕೊಯ್ದು ಮುಗಿಸಿದ್ದರಿಂದ ಕೋಣೆಯಲ್ಲಿ ಖಾಲಿ ಬೋನುಗಳು, ತಣ್ಣನೆ ಗಾಳಿ ಊದುವ ಯಂತ್ರ ಮತ್ತು ಅವಳು ಮಾತ್ರ.

ಪಕ್ಕದ ಬೋನು ತೆಗೆದು ಹೊಟ್ಟನ್ನು ಬೆರಳಲ್ಲಿ ಕೆದಕಿದಳು. ಅಲ್ಲೂ ಬಿಸ್ಕತ್ತಿನ ಹುಡಿ. ಅದರ ಪಕ್ಕದ್ದರಲ್ಲೂ. ಹಳದಿ ಚೀಟಿಯ ಬೋನುಗಳನ್ನು ನೋಡಿದಳು, ಬಿಳಿ ಚೀಟಿಯವನ್ನೂ ಬಗ್ಗಿಸಿ ಬಗ್ಗಿಸಿ ನೋಡಿದಳು. ಅವುಗಳಲ್ಲಿ ಒಂದು ಚೂರೂ ಇಲ್ಲ. ಬಿಸ್ಕತ್ತು ಸಿಕ್ಕಿದ್ದು ಹಸಿರು ಚೀಟಿ ಅಂಟಿಸಿದವುಗಳಲ್ಲಿ ಮಾತ್ರ, ಅಂದರೆ ಹಾಗಲಕಾಯಿಯ ಇಲಿಗಳ ಬೋನುಗಳಲ್ಲಿ.

ಬಿಳಿ ಚೀಟಿಯ ಇಲಿಗಳಿಗೆ ಮಾಮೂಲಿ ಕಾಳಿನ ಉಂಡೆ. ಹಳದಿಯವಕ್ಕೆ ಹಂದಿಕೊಬ್ಬು, ಬೆಣ್ಣೆ ಕಲಸಿದ ಮುದ್ದೆ. ಹಸಿರಿನವಕ್ಕೆ ಅದೇ ಮುದ್ದೆ, ಜೊತೆಗೆ ಒಣಗಿಸಿ ಪುಡಿ ಮಾಡಿದ ಕಾಡು ಹಾಗಲಕಾಯಿ. ಕೊಬ್ಬಿನ ಮುದ್ದೆಯಲ್ಲಿ ಅಕ್ಕಿ ಗೋಧಿಯ ಸೋಂಕಿಲ್ಲ, ಸಕ್ಕರೆ ಇಲ್ಲ. ಸಕ್ಕರೆ ಸಿಗದ ಮೈ ಕೊಬ್ಬನ್ನೇ ಉರಿಸಿಕೊಂಡು ಬದುಕುತ್ತದೆ, ಹಾಗೆ ಉರಿಸುವಾಗ ರಕ್ತದಲ್ಲಿ ಕೀಟೋನ್ ಏರುತ್ತದೆ. ಆ ಏರಿದ ಕೀಟೋನನ್ನು ಹಾಗಲಕಾಯಿ ಏನು ಮಾಡುತ್ತದೆ ಅನ್ನುವುದೇ ಪೇಶಾನಳ ಪ್ರಶ್ನೆ. ತಿಂಗಳುಗಟ್ಟಲೆ ಏನೂ ಮಾಡಲಿಲ್ಲ. ಎರಡು ಗುಂಪಿನ ಇಲಿಗಳೂ ಜಿಡ್ಡುಗಟ್ಟಿದ ಕೂದಲು ಹೊತ್ತುಕೊಂಡು ಒಂದೇ ಸಮನೆ ಇದ್ದವು. ಆಮೇಲೆ ಕೊನೆಯ ವಾರ ಬಾಲದ ತುದಿಯಿಂದ ರಕ್ತ ತೆಗೆದರೆ ಹಸಿರು ಚೀಟಿಯವುಗಳ ಕೀಟೋನ್ ಧೊಪ್ಪೆಂದು ಬಿದ್ದಿತ್ತು. ಹಾಗಂತ ಕೊಯ್ದು ನೋಡಿದಾಗ ಲಿವರಿನಲ್ಲಿ ಕೊಬ್ಬು ಕಟ್ಟಿರಲಿಲ್ಲ, ತೂಕವೂ ಏರಿರಲಿಲ್ಲ. ಅವಳ ಮಾರ್ಗದರ್ಶಕರಾದ ಕೋ ಮೇಷ್ಟ್ರು ರಕ್ತ ಪರೀಕ್ಷೆಯ ಯಂತ್ರದ ಮುಂದೆ ನಿಂತು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದ್ದರು.

ಈಗ ನೋಡಿದರೆ ಬಿಸ್ಕತ್ತು! ಹಿಟ್ಟು ಸಕ್ಕರೆ ಬಿದ್ದರೆ ಕೀಟೋನ್ ಇಳಿಯುತ್ತದೆ ಅನ್ನುವುದಕ್ಕೆ ಏಳು ವರ್ಷ ಓದಬೇಕಾಗಿರಲಿಲ್ಲ. ಪೇಶಾನ್ ಆ ಅರ್ಧ ಬಿಸ್ಕತ್ತನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ಇಳಿಸಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಉಳಿದ ಹೊಟ್ಟನ್ನೆಲ್ಲ ಚೀಲಕ್ಕೆ ಸುರಿದು ಬಾಯಿ ಬಿಗಿಯಾಗಿ ಕಟ್ಟಿದಳು.

ಮೇಲಿನ ಮಹಡಿಯಲ್ಲಿ ಕೋ ಮೇಷ್ಟ್ರು ಚಹಾ ಬಗ್ಗಿಸುತ್ತಿದ್ದರು. ಮುಂದಿನ ವರ್ಷ ನಿವೃತ್ತಿಯಾಗುವ ಮನುಷ್ಯ. ಅವರ ಹಾಗಲಕಾಯಿ ಹುಚ್ಚು ಪಿಂಗ್‌ತುಂಗ್ ಊರಿಗೆಲ್ಲ ಗೊತ್ತಿದ್ದದ್ದೇ. ಸಭೆಗಳಲ್ಲಿ ಅವರು ಎದ್ದು ನಿಂತರೆ ಹಿಂದಿನ ಸಾಲಿನವರು ಮೂಗು ಹಿಡಿದು "ಬಂದ್ರಪ್ಪ ಕಹಿ ಮೇಷ್ಟ್ರು" ಅನ್ನುತ್ತಿದ್ದರು. ಬಾಗಿಲ ಬಳಿ, ರಕ್ತ ತಿರುಗಿಸುವ ಯಂತ್ರದ ತಲೆಯ ಮೇಲೆ, ಅದು ಕೈಕೊಡದಿರಲಿ ಅಂತ ಹುಡುಗರು ಇಟ್ಟ ಹಸಿರು ತಿಂಡಿ ಪೊಟ್ಟಣವಿತ್ತು. ಮೇಷ್ಟ್ರು ಅದನ್ನು ಕಂಡಾಗಲೆಲ್ಲ ಬೈಯುತ್ತಿದ್ದರು, ಆದರೆ ಅದರ ತಾರೀಖು ಮುಗಿಯುವ ಮೊದಲು ಹೊಸದು ತಂದಿಡುತ್ತಿದ್ದವರೂ ಅವರೇ.

"ಬಾ ಬಾ, ಕೂತ್ಕೋ," ಅಂದರು. "ನಾಳೆ ಪ್ರಾಣಿಗಳ ಕಲ್ಲಿನ ಮುಂದೆ ನೀನು ಹೇಳೋ ಮಾತು ಬರ್ದಾಯ್ತಾ?"

"ಬರ್ದಿದ್ದೀನಿ ಮೇಷ್ಟ್ರೇ."

"ಚುಟುಕಾಗಿರ್ಲಿ. ಆದ್ರೆ ಹಾಗಲಕಾಯಿ ಹೆಸ್ರು ಗಟ್ಟಿಯಾಗಿ ಹೇಳು. ಪಕ್ಕದ ವಿಭಾಗದವ್ರೂ ಬರ್ತಾರೆ. ಕೇಳ್ಲಿ, ಅವ್ರ ಕಿವಿ ತಂಪಾಗ್ಲಿ."

ಪೇಶಾನ್ ಕೂತಳು, ಎದ್ದಳು, ಮತ್ತೆ ಕೂತಳು. ಜೇಬಿನಲ್ಲಿದ್ದ ಗಂಟು ತೊಡೆಗೆ ಒತ್ತುತ್ತಿತ್ತು. "ಮೇಷ್ಟ್ರೇ, ಒಂದೇ ವಾರದ ರಕ್ತ ಅಲ್ವಾ. ಇನ್ನೊಂದು ಸಲ ಹೊಸ ಇಲಿಗಳಲ್ಲಿ ನೋಡಿದ್ರೆ..."

ಮೇಷ್ಟ್ರು ಬಟ್ಟಲು ಕೆಳಗಿಟ್ಟರು. "ಇನ್ನೊಂದು ಸಲಾನಾ? ನಿಂಗೆ ಇನ್ನೊಂದು ಸಲ ಎಲ್ಲಿದೆ ಮಾರಾಯ್ತಿ? ಈ ತಿಂಗಳ ಕೊನೇಲಿ ನಿನ್ನ ಏಳು ವರ್ಷ ಮುಗೀತು. ಅಷ್ಟರಲ್ಲಿ ಪ್ರಬಂಧ ಒಪ್ಪಿಸಿದ್ರೆ ಡಾಕ್ಟರ್ ಚಿಯೆನ್ ಪೇಶಾನ್. ಇಲ್ಲದಿದ್ರೆ ಹೆಸ್ರು ತೆಗೆದುಹಾಕ್ತಾರೆ, ಮನೆಗೆ ಹೋಗೋದೇ. ನಾನು ಹೇಳಿದ್ರೂ ಕೇಳಲ್ಲ, ನಮ್ಮಪ್ಪ ಬಂದ್ರೂ ಕೇಳಲ್ಲ." ಆಮೇಲೆ ದನಿ ಇಳಿಸಿದರು. "ಹೆದರ್ಕೋಬೇಡ. ಇಷ್ಟು ವರ್ಷ ನೀನೂ ನಾನೂ ಕಹಿ ತಿಂದದ್ದು ಸಾಕು."

ಅಷ್ಟು ಖುಷಿಯಾಗಿದ್ದ ಮುಖಕ್ಕೆ ಆ ಬಿಸ್ಕತ್ತನ್ನು ಹೇಗೆ ತೋರಿಸುವುದು! ಅವಳು ಚಹಾ ಗುಟುಕರಿಸಿ ನಾಲಗೆ ಸುಟ್ಟುಕೊಂಡು ಹೊರಗೆ ಬಂದಳು.

ಹೊರಗೆ ಸೆಕೆಯೆಂದರೆ ಸೆಕೆ. ಸಮುದ್ರದ ಕಡೆ ಬಿರುಗಾಳಿ ಎದ್ದಿದೆ, ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ರೇಡಿಯೋದವರು ವಾರದಿಂದ ಹೇಳುತ್ತಲೇ ಇದ್ದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಚಾಂದ್ರಮಾನದ ಏಳನೇ ತಿಂಗಳು ನಡೆಯುತ್ತಿತ್ತು, ತಿಂಗಳಿಡೀ ಸತ್ತವರ ಲೋಕದ ಬಾಗಿಲು ತೆರೆದು ಆ ಕಡೆಯವರನ್ನು ಈ ಕಡೆ ಬಿಡುವ ಕಾಲ. ಅವರ ಹೆಸರೆತ್ತಬಾರದು, 'ಒಳ್ಳೆಯ ಅಣ್ಣತಮ್ಮಂದಿರು' ಅನ್ನಬೇಕು. ಪ್ರಾಣಿಶಾಲೆಯ ಹಿಂದಿನ ಶೆಡ್ಡಿನಲ್ಲಿ ನಾಳೆಯ ಎಡೆಗೆ ಮೇಜುಗಳನ್ನು ಜೋಡಿಸಿ ಕೆಂಪು ಬಟ್ಟೆ ಹಾಸಿದ್ದರು. ನೂಡಲ್ಸ್ ಪೊಟ್ಟಣ, ತಂಪು ಪಾನೀಯ, ಡಬ್ಬಿ ಮೀನು, ಬಂದವರು ಮುಖ ತೊಳೆಯಲಿ ಅಂತ ಬೋಗುಣಿ ಮತ್ತು ಹೊಸ ಟವೆಲ್. ಅಲ್ಲೇ ತುದಿಯಲ್ಲಿ ಮೊಣಕಾಲೆತ್ತರದ ಕಲ್ಲು. ಪ್ರಯೋಗದಲ್ಲಿ ಹೋದ ಪ್ರಾಣಿಗಳದ್ದು. ಅದರ ಮುಂದೆ ಕ್ಯಾರೆಟ್, ಸೇಬು, ಸೂರ್ಯಕಾಂತಿ ಬೀಜ ಇಡುವುದು ವಾಡಿಕೆ.

ಮೇಜಿನ ಮುಂದೆ, ಎಲ್ಲರೂ ಚಿಕ್ಕಮ್ಮ ಅಂತ ಕರೆಯುವ ಲೀಹುವಾ ತಿಂಡಿಗಳನ್ನು ಸಾಲಾಗಿ ಇಡುತ್ತಿದ್ದಳು. ಬೋನು ತೊಳೆಯುವುದು, ಮೇವು ಹಾಕುವುದು, ಪೇಶಾನ್ ಮಧ್ಯಾಹ್ನ ಊಟ ಮಾಡಿದಳೋ ಇಲ್ಲವೋ ಅಂತ ಗದರುವುದು, ಮೂರೂ ಅವಳ ಕೆಲಸ. ಅವಳ ಕೈಯಲ್ಲಿ ಗುಂಡು ಬಿಸ್ಕತ್ತಿನ ದೊಡ್ಡ ಪೊಟ್ಟಣವಿತ್ತು.

ಪೇಶಾನಳ ಕಾಲು ಅಲ್ಲೇ ನಿಂತಿತು. "ಚಿಕ್ಕಮ್ಮಾ, ಆ ಬಿಸ್ಕತ್ತು..."

"ಮುಟ್ಬೇಡ! ಇದು ಅಣ್ಣತಮ್ಮಂದಿರ್ಗೆ. ಅವ್ರು ತಿಂದಾದ್ಮೇಲೆ ನಿಂಗೆ."

"ಬೋನಿಗೆ ಇದನ್ನೇನಾದ್ರೂ ಹಾಕಿದ್ರಾ?"

ಚಿಕ್ಕಮ್ಮ ಅಳುಕಲಿಲ್ಲ. ಮುಚ್ಚಿಡುವಂಥದ್ದು ಅಂತ ಅವಳಿಗೆ ಅನಿಸಿಯೇ ಇರಲಿಲ್ಲ. "ಹೂಂ ಕಣೆ. ಹಸಿರು ಚೀಟಿಯವಕ್ಕೆ. ಇನ್ನು ನಾಲ್ಕು ದಿನಕ್ಕೆ ಹೋಗ್ತವೆ ಅಂತ ನೀನೇ ಹೇಳಿದ್ಯಲ್ಲ, ಅವತ್ತಿಂದ ಸಾಯಂಕಾಲ ಸಾಯಂಕಾಲ ಒಂದೊಂದು. ಎಷ್ಟು ಚೆನ್ನಾಗಿ ಎರಡೂ ಕೈಲಿ ಹಿಡ್ಕೊಂಡು ತಿಂತಿದ್ವು ಗೊತ್ತಾ!"

"ಬೇರೆ ತಿಂಡಿ ಹಾಕ್ಬಾರ್ದು ಅಂತ ಬಾಗಿಲ ಮೇಲೇ ಇದೆಯಲ್ಲ ಚಿಕ್ಕಮ್ಮ."

"ಇದು ತಿಂಡೀನೇನೇ? ಬಾಯಿ ಸಿಹಿ ಮಾಡೋದು ಅಷ್ಟೆ."

"ಉಳಿದವಕ್ಕೆ ಯಾಕೆ ಹಾಕ್ಲಿಲ್ಲ?"

"ಅವಕ್ಕೇನು ಬಂದಿತ್ತು ಧಾಡಿ? ಬೆಣ್ಣೆ ತಿಂದ್ಕೊಂಡು ಆರಾಮಾಗಿದ್ವು. ಇವು ನೋಡು, ಕಣ್ಣು ಬಿಟ್ಟಾಗಿಂದ ಕಹಿ. ಮೊದಮೊದ್ಲು ಆ ಮುದ್ದೆ ಮೂಸಿ ಮೂಸಿ ವಾಪಸ್ ಹೋಗ್ತಿದ್ವಲ್ಲ, ನಂಗೆ ಕರುಳು ಚುರ್ ಅಂತಿತ್ತು. ಕಹಿ ತಿಂದವ್ರು ಹೋಗೋವಾಗ ಬಾಯಿ ಸಿಹಿ ಮಾಡಿ ಕಳಿಸ್ಬೇಕು ಅಂತಿದ್ಳು ನಮ್ಮಜ್ಜಿ. ಇಲ್ದಿದ್ರೆ ಮುಂದಿನ ಜನ್ಮಕ್ಕೂ ಅದೇ ರುಚಿ ಹೊತ್ಕೊಂಡು ಹೋಗ್ತಾರಂತೆ." ಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದಳು. "ನಮ್ಮನೆಯವ್ರು ಹೋಗೋ ಹಿಂದಿನ ದಿನ ಒಂದು ಬಟ್ಲು ಕೆಂಪು ಅಲಸಂದೆ ಪಾಯ್ಸ ಕೇಳಿದ್ರು. ಸಕ್ಕರೆ ಕಾಯ್ಲೆ, ಕೊಡ್ಬೇಡ ಅಂದ್ರು ಡಾಕ್ಟ್ರು. ನಾನೂ ದೊಡ್ಡ ಬುದ್ಧಿವಂತೆ, ಕೊಡ್ಲಿಲ್ಲ."

ಪೇಶಾನಳಿಗೆ ಕೋಪ ಬಂದಿತ್ತು, ಅಳು ಬಂದಿತ್ತು, ಎರಡೂ ಒಂದಕ್ಕೊಂದು ಅಡ್ಡ ನಿಂತು ಯಾವುದೂ ಹೊರಗೆ ಬರಲಿಲ್ಲ.

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. "ಯಾಕೆ, ಏನಾದ್ರೂ ತಪ್ಪಾಯ್ತೇನೇ?"

"ಇಲ್ಲ ಚಿಕ್ಕಮ್ಮ."

"ಮತ್ಯಾಕೆ ಮುಖ ಹಾಗಲಕಾಯಿ ಆಗಿದೆ?"

"ಸೆಕೆ," ಅಂದಳು ಪೇಶಾನ್.

ಸಂಜೆ ಸ್ಕೂಟರ್ ಹತ್ತಿ ಮನೆಗೆ ಹೊರಟವಳು ತಿರುವು ದಾಟಿ ಮುಂದೆ ಹೋದಳು, ವಾಪಸ್ ಬಂದಳು, ಪೆಟ್ರೋಲ್ ಬಂಕಿನಲ್ಲಿ ನಿಂತು ಪೆಟ್ರೋಲ್ ಹಾಕಿಸದೇ ಹೊರಟಳು. ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಬೆನ್ನು ಬೆವರುತ್ತಿತ್ತು, ಕಿಟಕಿ ಬಳಿ ನಿಂತರೆ ಕಾಲು ನಿಲ್ಲುತ್ತಿರಲಿಲ್ಲ. ಚಾವೋಚೌ ಊರಿನ ಸಂತೆ ಬೀದಿಯಲ್ಲಿ ಬೆಳಗಿನ ತಿಂಡಿ ಅಂಗಡಿ ನಡೆಸುವ ಅಮ್ಮ ಫೋನ್ ಮಾಡಿದಳು.

"ನಿಮ್ಮ ಸೋದರತ್ತೆ ಬಂದಿದ್ಳು ಕಣೆ. ನಿಮ್ಮ ಮಗಳು ಇನ್ನೂ ಇಲಿಗೆ ಬೆಣ್ಣೆ ತಿನ್ನಿಸ್ತಾನೇ ಇದ್ದಾಳಾ ಅಂದ್ಳು. ಮುಂದಿನ ತಿಂಗಳು ಬಾ, ಡಾಕ್ಟ್ರು ಕೈಲಿ ಮೊಟ್ಟೆ ದೋಸೆ ತಿನ್ನಿಸ್ತೀನಿ ಅಂತ ಹೇಳ್ದೆ. ಬಾಯಿ ಮುಚ್ಕೊಂಡು ಹೋದ್ಳು!" ಅಮ್ಮ ನಕ್ಕಳು. "ಸರಿ ತಾನೇ ನಾನು ಹೇಳಿದ್ದು?"

"ಸರಿ ಅಮ್ಮ."

"ಬಟ್ಟೆ ಹೊರಗೆ ಒಣಗ್ಹಾಕಿದ್ರೆ ಒಳಗೆ ತಗೋ. ಕತ್ತಲಾಯ್ತು, ತಿಂಗ್ಳು ಒಳ್ಳೇದಲ್ಲ, ಅಣ್ಣತಮ್ಮಂದಿರು ತೊಟ್ಕೊಂಡಾರು."

ಪೇಶಾನ್ ಬಟ್ಟೆಗಳನ್ನು ಒಳಗೆ ತಂದಳು. ಇದನ್ನೆಲ್ಲ ನಂಬುತ್ತೀಯಾ ಅಂತ ಯಾರಾದರೂ ಕೇಳಿದ್ದರೆ ಇಲ್ಲ ಅನ್ನುತ್ತಿದ್ದಳು, ಆದರೆ ಏಳನೇ ತಿಂಗಳಲ್ಲಿ ಬಟ್ಟೆ ಹೊರಗೆ ಬಿಟ್ಟವಳಲ್ಲ. ಜೇಬಿನ ಗಂಟನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಓಡಾಡಿದಳು. ಯಾರಿಗೆ ಗೊತ್ತಾಗುತ್ತದೆ? ಬೋನಿನ ಹೊಟ್ಟು ಪೂರ್ತಿ ಸುಡುವ ಒಲೆಗೆ ಹೋಯಿತು. ಚಿಕ್ಕಮ್ಮ ಸುಮ್ಮನಿದ್ದಾಳೆ, ಅವಳಿಗೆ ತಾನೇನು ಮಾಡಿದ್ದೇನೆ ಅನ್ನುವುದೇ ಗೊತ್ತಿಲ್ಲ. ತಾನೂ ಸುಮ್ಮನಿದ್ದರಾಯಿತು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅನ್ನುವ ಹಾಗೆ ಇಬ್ಬರೂ ಒಬ್ಬರಿಗೊಬ್ಬರು. ಹಾಗಂತ ಮನಸ್ಸು ಗಟ್ಟಿ ಮಾಡಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಗಂಟನ್ನು ಮತ್ತೆ ಜೇಬಿಗೆ ಹಾಕಿಕೊಂಡಳು.

ಮಾರನೆಯ ಮಧ್ಯಾಹ್ನ ಶೆಡ್ಡು ತುಂಬಿತ್ತು. ಪ್ರತಿ ಪೊಟ್ಟಣಕ್ಕೂ ಒಂದೊಂದು ಊದುಬತ್ತಿ ಚುಚ್ಚಿದ್ದರು, ಹೊಗೆ ಕಣ್ಣಿಗೆ ಬಡಿಯುತ್ತಿತ್ತು. ಪೇಶಾನಳ ಜೊತೆ ಕೆಲಸ ಮಾಡುವ ವೆನ್‌ಚಿ ಬೆವರು ಒರೆಸಿಕೊಳ್ಳುತ್ತಾ ಅವಳ ಕಿವಿಯ ಹತ್ತಿರ ಬಂದ.

"ಅಕ್ಕಾ, ಬೇಗ ಮುಗ್ಸಿ. ಅಣ್ಣತಮ್ಮಂದಿರ್ಗೂ ಸೆಕೆ ಆಗತ್ತೆ."

"ನೀನೊಬ್ಬ ಸುಮ್ನಿರೋ."

"ಕಳೆದ ಸಲ ಮೊಲದವನು ಮುಕ್ಕಾಲು ಗಂಟೆ ಹೇಳಿದ. ಮೊಲಗಳೇ ಎದ್ದು ಹೋಗಿರ್ಬೇಕು."

ಆ ವಿಭಾಗದ ಪದ್ಧತಿ ಅದು. ಯಾರ ಕೈಯಲ್ಲಿ ಪ್ರಾಣಿಗಳು ಹೋದವೋ ಅವರೇ ಕಲ್ಲಿನ ಮುಂದೆ ನಿಂತು, ನಿಮ್ಮಿಂದ ನಾವು ಇಂಥದ್ದನ್ನು ಕಲಿತೆವು ಅಂತ ಆ ಪ್ರಾಣಿಗಳಿಗೇ ಹೇಳಬೇಕು. ಪರೀಕ್ಷಕರ ಮುಂದೆ ತಡವರಿಸಿದರೂ ನಡೆಯುತ್ತದೆ, ಕಲ್ಲಿನ ಮುಂದೆ ತಡವರಿಸಬಾರದು ಅನ್ನುತ್ತಿದ್ದರು ಹಿರಿಯರು. ತಮ್ಮ ಸಾವು ಯಾವುದಕ್ಕಾಯಿತು ಅನ್ನುವುದನ್ನು ತಿಳಿದುಕೊಳ್ಳಲೆಂದೇ ಅವು ಬಂದು ಕೂತಿರುತ್ತವಂತೆ.

ಪೇಶಾನಳ ಸರದಿ ಬಂತು. ಏಳನೇ ತಿಂಗಳು, ಪೂರ್ತಿ ಹೆಸರು ಅಣ್ಣತಮ್ಮಂದಿರ ಕಿವಿಗೆ ಬೀಳಬಾರದು ಅಂತ "ಹಾಗಲಕಾಯಿ ಅಕ್ಕ ಬರ್ಬೇಕು" ಅಂದರು, ಎಲ್ಲರೂ ನಕ್ಕರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಪಕ್ಕದ ವಿಭಾಗದವರ ಕಡೆ ಒಮ್ಮೆ ನೋಡಿ, ಅವಳಿಗೆ ತಲೆಯಾಡಿಸಿದರು. ಚಿಕ್ಕಮ್ಮ ಹಿಂದೆ, ಕಂಬದ ಹತ್ತಿರ, ಕೈಮುಗಿದುಕೊಂಡಿದ್ದಳು.

"ಈ ತಿಂಗಳು ಹೋದ ಇಲಿಗಳೇ," ಅಂತ ಶುರುಮಾಡಿದಳು. "ನಿಮಗೆ ನಮಸ್ಕಾರ. ಹಳದಿ ಚೀಟಿಯವರೇ, ನೀವು ಕೊಬ್ಬು ತಿಂದು ಬದುಕಿದಿರಿ. ಹಸಿರು ಚೀಟಿಯವರೇ, ನೀವು ಕೊಬ್ಬಿನ ಜೊತೆ ಕಹಿಯನ್ನೂ ತಿಂದಿರಿ. ನಿಮ್ಮಿಂದ ನಾವು ಕಲಿತದ್ದು ಏನೆಂದರೆ..."

ಮುಂದಿನ ಮಾತು ಬಾಯಿಪಾಠವಾಗಿತ್ತು. ಹಾಗಲಕಾಯಿ ಕೀಟೋನನ್ನು ಇಳಿಸುತ್ತದೆ. ಅಷ್ಟೇ ಹೇಳಬೇಕಾಗಿತ್ತು. ಕಲ್ಲಿನ ಮುಂದೆ ಯಾರೋ ಸೂರ್ಯಕಾಂತಿ ಬೀಜವನ್ನು ತಟ್ಟೆಯಲ್ಲಿ ಒಪ್ಪವಾಗಿ ಹರಡಿದ್ದರು. ಎರಡು ಕೈಯಲ್ಲಿ ಬಿಸ್ಕತ್ತು ಹಿಡಿದು, ಅರ್ಧ ತಿಂದು, ನಾಳೆಗಿರಲಿ ಅಂತ ಇನ್ನರ್ಧ ಬಚ್ಚಿಟ್ಟ ಇಲಿ ಅವಳ ನೆನಪಿಗೆ ಬಂತು. ಅದಕ್ಕೆ ನಾಳೆ ಇರಲಿಲ್ಲ. ಅದನ್ನು ಹಿಡಿದು ಮಲಗಿಸಿದ್ದು ತನ್ನ ಕೈಯೇ. ಈಗ ಅದಕ್ಕೆ ಎಲ್ಲ ಗೊತ್ತಿರುವಾಗ ಅದರ ಮುಖಕ್ಕೆ ಸುಳ್ಳು ಹೇಳುವುದು ಹೇಗೆ? ಬೀಜಗಳನ್ನೇ ನೋಡುತ್ತಾ 'ಏನೆಂದರೆ' ಅಂತ ಇನ್ನೊಮ್ಮೆ ಗೊಣಗಿದಳು.

"ಜೋರಾಗಿ," ಅಂದರು ಮೇಷ್ಟ್ರು ಮೆಲ್ಲಗೆ.

"ಏನೂ ಕಲಿಯಲಿಲ್ಲ," ಅಂದಳು ಪೇಶಾನ್. ದನಿ ಅವಳೇ ಬೆಚ್ಚುವಷ್ಟು ಜೋರಾಗಿ ಬಂತು. "ಕೊನೆಯ ದಿನಗಳಲ್ಲಿ ನಿಮ್ಮ ಬೋನಿಗೆ ಬಿಸ್ಕತ್ತು ಬಿದ್ದಿತ್ತು. ನಿಮ್ಮ ಕೀಟೋನ್ ಇಳಿದದ್ದು ಅದರಿಂದ ಇರಬಹುದು. ಹಾಗಲಕಾಯಿಯಿಂದಲೋ ಬಿಸ್ಕತ್ತಿನಿಂದಲೋ ನಮಗೆ ಗೊತ್ತಾಗುವ ಹಾಗೇ ಇಲ್ಲ. ನಿಮ್ಮನ್ನು ಸುಮ್ಮಸುಮ್ಮನೆ ಕೊಂದ ಹಾಗಾಯಿತು. ತಪ್ಪಾಯಿತು." ಜೇಬಿನಿಂದ ಗಂಟು ತೆಗೆದು ಬಿಚ್ಚಿ, ಅರ್ಧ ಬಿಸ್ಕತ್ತನ್ನು ಬೀಜದ ತಟ್ಟೆಯಲ್ಲಿಟ್ಟಳು. "ಇದು ನಿಮ್ಮದೇ. ನನ್ನ ಹತ್ತಿರ ಉಳಿದುಬಿಟ್ಟಿತ್ತು."

ಪಕ್ಕದ ವಿಭಾಗದವರಲ್ಲಿ ಒಬ್ಬರು ಕೆಮ್ಮಿದರು. ವೆನ್‌ಚಿ ಬಾಯಿ ತೆರೆದವನು ಹಾಗೇ ನಿಂತಿದ್ದ. ಕಂಬದ ಹತ್ತಿರ ಚಿಕ್ಕಮ್ಮನ ಮುಗಿದ ಕೈ ನಿಧಾನವಾಗಿ ಕೆಳಗಿಳಿಯಿತು.

ಮೇಷ್ಟ್ರ ಊದುಬತ್ತಿಯ ಬೂದಿ ಮುರಿದು ಅವರ ಕೈಮೇಲೆ ಬಿತ್ತು. ಕೊಡವಿಕೊಳ್ಳಲಿಲ್ಲ. ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ಯಾವಾಗ ಗೊತ್ತಾಯ್ತು?" ಅಂದರು.

"ನಿನ್ನೆ. ಬೋನು ಖಾಲಿ ಮಾಡೋವಾಗ."

"ನನ್ನ ಕೋಣೆಗೆ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು ಮೇಷ್ಟ್ರೇ."

"ಚಹಾ ಕುಡಿದು ಹೋದ್ಯಲ್ಲೇ." ತಟ್ಟೆಯಲ್ಲಿದ್ದ ಅರ್ಧ ಬಿಸ್ಕತ್ತನ್ನು ನೋಡಿದರು. "ಯಾರು ಹಾಕಿದ್ದು?"

"ಬೋನು ನನ್ನದು. ನೋಡ್ಕೋಬೇಕಾದವಳು ನಾನು."

"ತಿಂಗಳ ಕೊನೆಗೆ ನಿನ್ನ ಅವಧಿ ಮುಗಿಯತ್ತೆ. ಈಗ ಏನೂ ಮಾಡೋಕಾಗಲ್ಲ. ಅದೂ ಗೊತ್ತಲ್ಲ?"

"ಗೊತ್ತು."

ಮೇಷ್ಟ್ರು ಬೈಯುತ್ತಾರೆ ಅಂದುಕೊಂಡಳು, ಬೈದಿದ್ದರೆ ಚೆನ್ನಾಗಿತ್ತು. ಅವರು ಕಲ್ಲಿನ ಕಡೆ ತಿರುಗಿ ಮೂರು ಸಲ ಬಾಗಿದರು. ಮೂರನೆಯ ಸಲ ಬಾಗಿದವರು ಬೇಗ ಮೇಲೇಳಲಿಲ್ಲ. ಆಮೇಲೆ ಟೋಪಿಯನ್ನು ಮೇಜಿನ ಮೇಲೇ ಮರೆತು ಬಿಸಿಲಿಗೆ ಇಳಿದು ಹೋದರು.

ಊದುಬತ್ತಿ ಉರಿದು ಮುಗಿದ ಮೇಲೆ ಎಡೆಯನ್ನು ಹಂಚಿಕೊಳ್ಳುವುದು ಶುರುವಾಯಿತು. ಎಂದಿನ ಗಲಾಟೆ ಇರಲಿಲ್ಲ. ಒಬ್ಬೊಬ್ಬರೇ ಬಂದು ನೂಡಲ್ಸು, ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಪೇಶಾನಳ ಕಡೆ ನೋಡದ ಹಾಗೆ ನೋಡಿ ಹೊರಟರು. ವೆನ್‌ಚಿ ಮೇಷ್ಟ್ರ ಟೋಪಿಯನ್ನು ಎತ್ತಿಕೊಂಡು ಅವರ ಹಿಂದೆ ಓಡಿದ. ಅವಳು ಕಲ್ಲಿನ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದಳು. ನಿನ್ನೆಯಿಂದ ನಿಲ್ಲದ ಕಾಲು ಈಗ ಏಳಲೊಲ್ಲದು.

ಚಿಕ್ಕಮ್ಮ ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿತ್ತು, ಹೊಗೆಗೋ ಏನೋ.

"ತಪ್ಪಾಯ್ತಾ ಅಂತ ಕೇಳಿದ್ನಲ್ಲೇ. ಇಲ್ಲ ಅಂದ್ಯಲ್ಲೇ ನೀನು."

"ತಪ್ಪು ಅಂದಿದ್ರೆ ಏನ್ಮಾಡ್ತಿದ್ರಿ ಚಿಕ್ಕಮ್ಮ? ಅವು ಆಗ್ಲೇ ಹೋಗಿದ್ವು."

"ನಿನ್ನ ಓದು?"

ಪೇಶಾನ್ ತಲೆ ಅಲ್ಲಾಡಿಸಿದಳು. "ಮುಗೀತು. ಅಮ್ಮನ ಅಂಗಡಿಗೆ ಹೋಗ್ತೀನಿ. ಈ ವಾರವೇ ಕೋಣೆ ಖಾಲಿ ಮಾಡ್ಬೇಕು." ಹೇಳಿ ಮುಗಿಸಿದ ಮೇಲೆ ಅಳು ಬಂತು. ತಡೆಯಲು ಹೋಗಲಿಲ್ಲ, ಅತ್ತಳು.

ಚಿಕ್ಕಮ್ಮ ಮೇಜಿನ ತುದಿಯಿಂದ ಗುಂಡು ಬಿಸ್ಕತ್ತಿನ ಪೊಟ್ಟಣ ತಂದಳು. ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಕಿತ್ತು, ಪೊಟ್ಟಣದ ಬಾಯಿಯನ್ನು ಹಲ್ಲಿನಲ್ಲಿ ಹರಿದು, ಒಂದು ಬಿಸ್ಕತ್ತನ್ನು ಪೇಶಾನಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

ಪೇಶಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಅಗಿಯಬೇಕಾಗಲಿಲ್ಲ, ನಾಲಗೆಯ ಮೇಲೆ ತಾನಾಗಿಯೇ ಕರಗತೊಡಗಿತು. ಚಿಕ್ಕಮ್ಮ ಆಗಲೇ ಇನ್ನೊಂದನ್ನು ಬೆರಳಲ್ಲಿ ಹಿಡಿದು ಕಾಯುತ್ತಿದ್ದಳು.